ಅಣ್ಣನ ರಜೆ

ಅಕ್ಷರ ಕಂಡ ನಮ್ಮ ತಿಳವಳ್ಳಿಯ ಮನೆಯವರಲ್ಲಿ ಕಾಲೇಜಿನ ಮೆಟ್ಟಿಲೇರಿದವನು ನಾನೊಬ್ಬನೇ. ಅವ್ವನ ಬೇನೆಗಾಗಿ ಅಣ್ಣ ರಜೆ ಮೀರಿ ಹದಿನೈದು ದಿನ ಉಳಿದ. ಪಲ್ಟನ್ನಿಗೆ ಮರಳಿದೊಡನೆ ಆರೋಪ ಬಂತು. “ತಮ್ಮಾ, ಪುಸ್ತಕದಾಗ ಏನೈತಿ ನೋಡು,” ಎಂದ ಅಪ್ಪ.

1950ರ ಸೈನ್ಯ ಕಾಯಿದೆಯನ್ನು ತೆರೆದೆ. 39ನೆಯ ಕಲಮಿನಂತೆ, ‘ಸಾಕಷ್ಟು ಕಾರಣವಿಲ್ಲದೆ’ ರಜೆ ಮೀರುವುದು ಅಪರಾಧ. 3 ವರ್ಷಗಳವರೆಗೆ ಸೆರೆಯಾಗಬಹುದು. ಆ ಎರಡು ಪದಗಳಲ್ಲಿಯೇ ಅಣ್ಣನ ರಕ್ಷಣೆಯಿತ್ತು! 1954ರ ನಿಯಮಾವಳಿಯ 22ನೆಯ ನಿಯಮದಂತೆ, ಕಮಾಂಡಿಂಗ್ ಅಧಿಕಾರಿಯ ಎದುರು ಸಾಕ್ಷಿಗಳಿಗೆ ಪಾಟೀಸವಾಲು ಹಾಕುವ, ತನ್ನ ಹೇಳಿಕೆ ಕೊಡುವ ಹಕ್ಕು ಆರೋಪಿಗಿದೆ.

ದವಾಖಾನೆಯ ಚೀಟಿಗಳನ್ನೆಲ್ಲ ಕೂಡಿಸಿ ಕಳಿಸಿದೆವು. ಅಧಿಕಾರಿಗಳು ಅಣ್ಣನ ಮಾತು ಕೇಳಿ ಆರೋಪವನ್ನು ವಜಾಮಾಡಿದರು.

ಶಿಸ್ತಿಗಾಗಿ ಸೈನಿಕನ ಮೂಲಭೂತ ಹಕ್ಕುಗಳನ್ನು ಮಿತಗೊಳಿಸಲು ಸಂವಿಧಾನದ 33ನೆಯ ವಿಧಿ ಸಂಸತ್ತಿಗೆ ಅಧಿಕಾರವಿತ್ತಿದೆ. ಆದರೂ ಅವನ ಬಾಯಿ ಕಟ್ಟಿಲ್ಲವೆಂಬುದನ್ನು ನಾನು ಕಂಡೆ. ಅಂದಿನಿಂದ ಅಪ್ಪ ಒಂದು ಚೀಟಿಯನ್ನೂ ಎಸೆದಿಲ್ಲ.