ಸಣ್ಣ ಪೆಟ್ಟಿನ ಲೆಕ್ಕ

ಗೃಹಸ್ಥನಿಗೆ ಬರುವ ಕಷ್ಟಗಳಲ್ಲಿ ದೊಡ್ಡವು, ಸಣ್ಣವು ಎಂದು ಎರಡು ಬಗೆ ಉಂಟು. ದೊಡ್ಡ ಕಷ್ಟ ಬಂದಾಗ ಮಾಡತಕ್ಕದ್ದೇನೆಂಬುದನ್ನು ಆ ಕಷ್ಟವೇ ಹೇಳಿಕೊಡುತ್ತದೆ; ಮನೆಗೆ ಬೆಂಕಿ ಬಿದ್ದಾಗ ನೀರು ತರಬೇಕೋ ಬೇಡವೋ ಎಂದು ಯಾರೂ ಚರ್ಚೆಗೆ ಕೂರುವುದಿಲ್ಲ. ಸಣ್ಣ ಕಷ್ಟಗಳ ರೀತಿಯೇ ಬೇರೆ. ಅವುಗಳಿಂದ ನಷ್ಟ ಸ್ವಲ್ಪ, ಯೋಚನೆ ಬಹಳ. ನಿಂತಿರುವ ಮೋಟಾರುಗಾಡಿಗೆ ಹಿಂದಿನಿಂದ ಇನ್ನೊಂದು ಗಾಡಿ ಬಂದು ತಗುಲುವುದು ಇಂಥ ಕಷ್ಟಗಳಲ್ಲಿ ಒಂದು. ರಕ್ತ ಸುರಿಯುವುದಿಲ್ಲ, ಗಾಡಿ ಕೆಟ್ಟು ನಿಲ್ಲುವುದಿಲ್ಲ. ಆದರೆ ಮನೆಯಲ್ಲಿ ಎಂಟು ದಿವಸ ಅದೇ ಮಾತು. ನಮ್ಮ ಜನರು ಹೀಗೆ ತಗುಲುವುದಕ್ಕೂ ಡಿಕ್ಕಿ ಎನ್ನುತ್ತಾರೆ, ಗಾಡಿಯ ಹಿಂಭಾಗದ ಸಾಮಾನಿನ ಪೆಟ್ಟಿಗೆಗೂ ಡಿಕ್ಕಿ ಎನ್ನುತ್ತಾರೆ. ಡಿಕ್ಕಿಗೇ ಡಿಕ್ಕಿಯಾದಾಗ ವಿವೇಕಿಯಾದವನು ಏನು ಮಾಡಬೇಕೆಂಬುದನ್ನು ಕುರಿತು ನಮಗೆ ತೋರಿದ್ದನ್ನು ವಾಚಕರ ಮುಂದಿಡುತ್ತೇವೆ.

ನಾವು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹುಡುಗರಿಗೆ ಶಬ್ದರೂಪ ಧಾತುರೂಪಗಳನ್ನು ಬಾಯಿಪಾಠ ಮಾಡಿಸಿ ವಿಶ್ರಾಂತರಾದವರು. ಮನೆಯಲ್ಲಿರುವ ಸಣ್ಣ ಕಾರು ಮಗನದು. ಅವನು ಉದ್ಯೋಗನಿಮಿತ್ತ ಪರಸ್ಥಳದಲ್ಲಿರುವುದರಿಂದ ಅದನ್ನು ಓಡಿಸುವವಳು ನಮ್ಮ ಸೊಸೆ. 2025ನೆಯ ಇಸವಿಯ ಫೆಬ್ರವರಿ ತಿಂಗಳಿನ ಒಂದು ಸಂಜೆ, ಮೈಸೂರಿನಲ್ಲಿ ಬಂಧುಗಳ ಮನೆಯ ಆರತಕ್ಷತೆ ಮುಗಿಸಿಕೊಂಡು ಬರುತ್ತಿದ್ದೆವು. ರಾಮಸ್ವಾಮಿ ವೃತ್ತದ ಹತ್ತಿರ ಕೆಂಪು ದೀಪ ಕಂಡು ಅವಳು ಗಾಡಿಯನ್ನು ನಿಲ್ಲಿಸಿದಳು. ಅದು ನಿಂತು ಐದಾರು ಉಸಿರಿನಷ್ಟು ಹೊತ್ತು ಕಳೆದ ಮೇಲೆ ಹಿಂದಿನಿಂದ ಧಡ್ ಎಂದು ಪೆಟ್ಟು ಬಿತ್ತು. ಕುಡಿಯುವ ನೀರಿನ ಕ್ಯಾನುಗಳನ್ನು ತುಂಬಿದ್ದ ಸಣ್ಣ ಸರಕುಗಾಡಿಯೊಂದು ಬಂದು ತಗುಲಿತ್ತು. ಅದನ್ನು ಓಡಿಸುತ್ತಿದ್ದವನು ಇಪ್ಪತ್ತೆರಡು ವರ್ಷ ಮೀರದ ಹುಡುಗ.

ಒಂದು ನಿಮಿಷದೊಳಗೆ ಹತ್ತು ಜನ ನ್ಯಾಯಾಧಿಪತಿಗಳು ಅಲ್ಲಿ ನೆರೆದರು. “ಹೆಂಗಸರು ಓಡಿಸಿದರೆ ಹೀಗೇ ಸ್ವಾಮಿ, ಗಕ್ಕನೆ ಬ್ರೇಕು ಹಾಕಿಬಿಡ್ತಾರೆ” ಎಂದು ಒಬ್ಬರು ತೀರ್ಪಿತ್ತರು. “ಬಿಡಬೇಡಿ ಸಾರ್, ಐದು ಸಾವಿರ ಇಡಿಸಿಕೊಳ್ಳಿ” ಎಂದು ಇನ್ನೊಬ್ಬರು. “ಪಾಪದ ಹುಡುಗ, ಹೋಗಲಿ ಬಿಟ್ಟುಬಿಡಿ” ಎಂದು ಮತ್ತೊಬ್ಬರು. ಹುಡುಗನು ಕೈಮುಗಿದು, “ತಪ್ಪಾಯ್ತು ಸಾರ್. ಜೇಬಲ್ಲಿ ಐನೂರಿದೆ, ತಗೊಳ್ಳಿ. ನಮ್ಮ ಓನರಿಗೆ ಮಾತ್ರ ಹೇಳಬೇಡಿ, ಸಂಬಳದಲ್ಲಿ ಹಿಡಿದುಬಿಡ್ತಾರೆ” ಎಂದನು. ಇವರಲ್ಲಿ ಒಬ್ಬರಾದರೂ ಬಗ್ಗಿ ಗಾಡಿಗೆ ಏನಾಗಿದೆಯೆಂದು ನೋಡಿರಲಿಲ್ಲ. ನಷ್ಟವೆಷ್ಟೆಂದು ತಿಳಿಯುವುದಕ್ಕೆ ಮೊದಲೇ ದಂಡವೂ ಸಿದ್ಧವಾಗಿತ್ತು, ಕ್ಷಮೆಯೂ ಸಿದ್ಧವಾಗಿತ್ತು.

ಮೊದಲು ನೋಡತಕ್ಕದ್ದು ಗಾಡಿಯನ್ನಲ್ಲ, ಅದರೊಳಗಿನವರನ್ನು. ಹಿಂದಿನಿಂದ ಪೆಟ್ಟು ಬಿದ್ದಾಗ ದೇಹವು ಆಸನದೊಡನೆ ಮುಂದಕ್ಕೆ ತಳ್ಳಲ್ಪಡುತ್ತದೆ, ತಲೆ ಹಿಂದುಳಿಯುತ್ತದೆ. ಆದಕಾರಣ ಕುತ್ತಿಗೆಯು ಚಾಟಿಯಂತೆ ಜಗ್ಗಿಸಲ್ಪಡುತ್ತದೆ. ಆ ನೋವು ಆಗಲೇ ಕಾಣಿಸದೆ ಮರುದಿವಸ ಕಾಣಿಸಿಕೊಳ್ಳುವುದುಂಟು. ಹಿಂದೆ ಕುಳಿತಿದ್ದ ನಮ್ಮ ಮನೆಯವರು “ನನಗೇನೂ ಆಗಿಲ್ಲ” ಎಂದರು. ಅವರ ಮಾತನ್ನು ಕೇಳಿದೆವಾದರೂ ಅದನ್ನೇ ಕೊನೆಯ ಮಾತೆಂದು ಹಿಡಿಯಲಿಲ್ಲ. ಆಮೇಲೆ ಎರಡು ಗಾಡಿಗಳೂ ನಿಂತಿದ್ದ ಸ್ಥಿತಿಯಲ್ಲೇ ಸೊಸೆ ತನ್ನ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಚಿತ್ರ ತೆಗೆದುಕೊಂಡಳು. ಗಾಡಿಗಳನ್ನು ರಸ್ತೆಯ ಅಂಚಿಗೆ ಸರಿಸಿದೆವು. ಹುಡುಗನ ಹೆಸರು, ಲೈಸೆನ್ಸು, ಗಾಡಿಯ ನಂಬರು, ವಿಮೆಯ ಪತ್ರ, ಇವುಗಳನ್ನು ಬರೆದುಕೊಂಡು, ನಮ್ಮ ವಿವರಗಳನ್ನೂ ಅವನಿಗೆ ಕೊಟ್ಟೆವು. ಹಣವನ್ನು ಮುಟ್ಟಲಿಲ್ಲ. “ಈ ದಿನ ಏನನ್ನೂ ತೀರ್ಮಾನಿಸುವುದು ಬೇಡಪ್ಪ. ಗಾಡಿಯನ್ನು ತೋರಿಸಿ ನಾಳೆ ಹೇಳುತ್ತೇವೆ” ಎಂದೆವು. ಐನೂರು ತೆಗೆದುಕೊಂಡು ಕೈಮುಗಿದಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಿತೆಂದು ಅರ್ಥವಾಗುತ್ತಿತ್ತು. ಮರುದಿವಸ ಕುತ್ತಿಗೆ ನೋವೆಂದರೆ ಕೇಳುವವರಾರು?

ಅಂದು ರಾತ್ರಿ ಊಟವಾದ ಮೇಲೆ ಮೊದಲು ಬಂದ ಪ್ರಶ್ನೆ ತಪ್ಪು ಯಾರದೆಂಬುದು. ಜನರ ಮಾತು ಸೊಸೆಯ ಮನಸ್ಸನ್ನು ಚುಚ್ಚಿತ್ತು. “ನಿಂತಿದ್ದ ಗಾಡಿಗೆ ಬ್ರೇಕು ಹಾಕುವುದು ಹೇಗೆ ಮಾವ?” ಎಂದು ಕೇಳಿದಳು. ಈ ವಿಷಯದಲ್ಲಿ ನಿಯಮ ಸ್ಪಷ್ಟವಾಗಿದೆ. ಮುಂದಿನ ಗಾಡಿ ಥಟ್ಟನೆ ನಿಧಾನವಾದರೂ ನಿಂತರೂ ತಗುಲದಷ್ಟು ಅಂತರವನ್ನು ಹಿಂದಿನವನು ಇಟ್ಟುಕೊಂಡಿರಬೇಕೆಂದು 1989ರ ರಸ್ತೆ ನಿಯಮಗಳು ವಿಧಿಸಿದ್ದವು; ಸುರಕ್ಷತೆಗೆ ಅಗತ್ಯವಿಲ್ಲದೆ ಥಟ್ಟನೆ ಬ್ರೇಕು ಹಾಕಬಾರದೆಂದು ಮುಂದಿನವನಿಗೂ ವಿಧಿಸಿದ್ದವು. 2017ರಲ್ಲಿ ಹೊಸ ನಿಯಮಾವಳಿ ಬಂದಾಗಲೂ ಅಂತರದ ತತ್ತ್ವ ಹಾಗೆಯೇ ಉಳಿಯಿತು. ಇದಕ್ಕೆ ಕಾರಣ ಲೆಕ್ಕದಲ್ಲಿದೆ. ಗಂಟೆಗೆ 40 ಕಿಲೋಮೀಟರು ಓಡುವ ಗಾಡಿ ಒಂದು ಸೆಕೆಂಡಿಗೆ 11 ಮೀಟರು ಮುಂದುವರಿಯುತ್ತದೆ. ಕಣ್ಣು ಕಂಡದ್ದನ್ನು ಕಾಲು ತಿಳಿದು ಬ್ರೇಕು ಒತ್ತುವುದಕ್ಕೇ ಸುಮಾರು ಅಷ್ಟು ಹೊತ್ತು ಬೇಕು. ಒತ್ತಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರವಾದರೋ, ವೇಗ ಎರಡರಷ್ಟಾದರೆ ನಾಲ್ಕರಷ್ಟಾಗುತ್ತದೆ. ಇದನ್ನು ಬರೆದು ತೋರಿಸಿ, “ನಿನ್ನ ಕಡೆ ಎಳ್ಳಷ್ಟೂ ತಪ್ಪಿಲ್ಲಮ್ಮ” ಎಂದೆವು.

ತಪ್ಪು ಯಾರದೆಂದು ತಿಳಿದ ಮೇಲೆ ನಷ್ಟವೆಷ್ಟೆಂದು ತಿಳಿಯಬೇಕು. ಮರುದಿವಸ ಕಾರನ್ನು ವರ್ಕ್‌ಶಾಪಿಗೆ ಒಯ್ದೆವು. ಹೊರಗೆ ಕಾಣುವ ಬಂಪರು ಪ್ಲಾಸ್ಟಿಕ್ಕಿನ ಹೊದಿಕೆ ಮಾತ್ರ. ಪೆಟ್ಟನ್ನು ತಡೆಯುವ ಪಟ್ಟಿ ಅದರ ಒಳಗಿರುತ್ತದೆ. ಹೊದಿಕೆ ಹಿಂದಕ್ಕೆ ಪುಟಿದು ಸರಿಯಾಗಿರುವಂತೆ ಕಂಡರೂ ಒಳಗೆ ಪಟ್ಟಿ ಬಾಗಿರಬಹುದು, ಡಿಕ್ಕಿಯ ತಳ ಮಡಿಸಿರಬಹುದು. ಮೇಸ್ತ್ರಿಯು ಹೊದಿಕೆಯನ್ನು ಬಿಚ್ಚಿ ನೋಡಿ, ಒಳಗೆಲ್ಲ ಕ್ಷೇಮವೆಂದೂ, ಬಿರುಕನ್ನು ಬೆಸೆದು, ಮುರಿದ ಕೊಂಡಿಗಳನ್ನು ಬದಲಾಯಿಸಿ, ಬಣ್ಣ ಹಾಕುವುದಕ್ಕೆ 3,800 ರೂಪಾಯಿ ಆಗುವುದೆಂದೂ ಹೇಳಿದನು. ನಮ್ಮ ಮನೆಯವರಿಗೆ ಕುತ್ತಿಗೆಯಲ್ಲಿ ನೋವು ಕಾಣಿಸಲಿಲ್ಲ.

ಇನ್ನು ಹಣದ ಮಾತು. ಮಗನು ಫೋನಿನಲ್ಲಿ, “ವಿಮೆ ಇರುವುದು ಯಾತಕ್ಕೆ ಅಪ್ಪ? ಅವರಿಂದಲೇ ತೆಗೆದುಕೊಳ್ಳೋಣ” ಎಂದನು. ಅವನ ಮಾತು ನ್ಯಾಯವಾಗಿಯೇ ತೋರಿತು. ಆದರೆ ಲೆಕ್ಕ ಹಾಕಿ ನೋಡಿದೆವು. ಒಂದು ವರ್ಷ ಪರಿಹಾರ ಕೇಳದಿದ್ದರೆ ಸ್ವಂತ ಗಾಡಿಯ ಹಾನಿಗೆ ಕಟ್ಟುವ ವಿಮೆಯ ಕಂತಿನಲ್ಲಿ ನೂರಕ್ಕೆ 20 ಸೋಡಿ ಸಿಕ್ಕುತ್ತದೆ. ಬಳಿಕ ವರ್ಷದಿಂದ ವರ್ಷಕ್ಕೆ ಅದು 25, 35, 45, 50 ಎಂದು ಏರುತ್ತದೆ. ಒಮ್ಮೆ ಪರಿಹಾರ ಕೇಳಿದೆವೆಂದರೆ, ತಪ್ಪು ಇನ್ನೊಬ್ಬರದಾದರೂ, ಸೋಡಿ ಸೊನ್ನೆಗೆ ಇಳಿದು ಮೊದಲಿನಿಂದ ಹತ್ತಬೇಕು. ಮಗನು 35ರ ಮೆಟ್ಟಲಿನಲ್ಲಿದ್ದನು. ಕಂತು 10,000 ರೂಪಾಯಿ ಎಂದೇ ಇಟ್ಟುಕೊಂಡರೆ, ಮುಂದಿನ ಐದು ವರ್ಷಗಳಲ್ಲಿ ಅವನು ಕಳೆದುಕೊಳ್ಳುವುದು ಕ್ರಮವಾಗಿ 4,500, 3,000, 2,500, 1,500, 500, ಒಟ್ಟು 12,000. ಸಿಕ್ಕುವುದಾದರೂ ಎಷ್ಟು? 1,500 ಸಿಸಿ ಮೀರದ ಕಾರಿಗೆ ಮೊದಲ 1,000 ರೂಪಾಯಿ ನಮ್ಮದೇ. ಅದನ್ನು ಕಳೆದರೆ ಹೆಚ್ಚೆಂದರೆ 2,800. ಬಂಪರನ್ನೇ ಹೊಸದಾಗಿ ಹಾಕಿಸಿದ್ದರೆ, ಪ್ಲಾಸ್ಟಿಕ್ ಭಾಗಗಳ ಬೆಲೆಯಲ್ಲಿ ಅರ್ಧವು ಸವಕಳಿಯೆಂದು ಸಾಮಾನ್ಯ ಪಾಲಿಸಿಯಲ್ಲಿ ಕಳೆದುಹೋಗುತ್ತಿತ್ತು. ಹುಡುಗನ ಗಾಡಿಯ ವಿಮೆಯಿಂದ ಪಡೆಯುವ ದಾರಿಯೂ ಕಾಯಿದೆಯಲ್ಲಿ ಉಂಟು. ಇತರರಿಗಾಗುವ ಹಾನಿಗೆ ಪ್ರತಿಯೊಂದು ಗಾಡಿಗೂ ವಿಮೆ ಇರಲೇಬೇಕೆಂದು 1988ರ ಮೋಟಾರು ವಾಹನ ಕಾಯಿದೆ ವಿಧಿಸಿದೆ. ಅದರ ಪರಿಹಾರವನ್ನು ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕೇಳಬಹುದು. ದೊಡ್ಡ ನಷ್ಟಕ್ಕೆ ಅದೇ ರಾಜಮಾರ್ಗ. ಆದರೆ 3,800 ರೂಪಾಯಿಗಾಗಿ ಪೋಲೀಸು ದೂರು, ವಕೀಲರು, ವಾಯಿದೆಗಳು ಎಂದು ಅಲೆಯುವುದು ಇಲಿಯನ್ನು ಹಿಡಿಯಲು ಬೆಟ್ಟವನ್ನು ಅಗೆದಂತೆ.

ಹಾಗಾದರೆ ಹುಡುಗನಿಂದ ವಸೂಲು ಮಾಡುವುದೋ, ಬಿಡುವುದೋ? ನಮ್ಮ ಮನೆಯವರು, “ನೀರಿನ ಕ್ಯಾನು ಹೊರುವ ಮಗುವಿನ ಕೈಯಿಂದ ದುಡ್ಡು ಇಸಿದುಕೊಳ್ಳಬೇಡಿ. ಬಿಟ್ಟುಬಿಡಿ” ಎಂದರು. ಸೊಸೆ ಒಪ್ಪಲಿಲ್ಲ. “ಸುಮ್ಮನೆ ಬಿಟ್ಟರೆ ನಾನೇ ತಪ್ಪು ಮಾಡಿದೆ ಎಂದಾಗುತ್ತದೆ, ಅತ್ತೆ” ಎಂದಳು. ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಆಗ ಅವಳೇ ಇನ್ನೊಂದು ಮಾತನ್ನು ನೆನಪಿಗೆ ತಂದಳು. ಗಾಡಿಗಳನ್ನು ಅಂಚಿಗೆ ಸರಿಸುವಾಗ ಆ ಹುಡುಗ, “ಬ್ರೇಕು ಮೆತ್ತಗಾಗಿದೆ ಮೇಡಂ, ಹೇಳಿ ಹದಿನೈದು ದಿನವಾಯ್ತು” ಎಂದು ಅವಳೊಡನೆ ಅಂದಿದ್ದನಂತೆ. ಇದರಿಂದ ವಿಷಯದ ಸ್ವರೂಪವೇ ಬದಲಾಯಿತು. ನಾವು ಮೌನವಾಗಿ ಕ್ಷಮಿಸಿಬಿಟ್ಟರೆ ಆ ಗಾಡಿ ಅದೇ ಬ್ರೇಕಿನೊಡನೆ, ಅಷ್ಟೇ ಭಾರ ಹೊತ್ತು, ನಾಳೆ ಯಾವುದಾದರೂ ಶಾಲೆಯ ಮುಂದೆ ಹೋಗುತ್ತದೆ. ಅಲ್ಲಿ ನಿಂತಿರುವುದು ಕಾರಿನ ಬಂಪರಾಗಿರಬೇಕೆಂಬ ನಿಯಮವಿಲ್ಲ.

ಕ್ಷಮೆ ಎಂಬ ಶಬ್ದವು ಸಹಿಸುವುದು, ತಾಳುವುದು ಎಂಬ ಅರ್ಥದ ಕ್ಷಮ್ ಧಾತುವಿನಿಂದ ಬಂದದ್ದು. ಸಮರ್ಥ ಎಂಬ ಅರ್ಥದ ಕ್ಷಮ ಎಂಬ ಪದವೂ ಅದೇ ಧಾತುವಿನದು. ಎಲ್ಲವನ್ನೂ ಹೊರುವ ಭೂಮಿಗೂ ಕ್ಷಮಾ ಎಂದು ಹೆಸರು. ಈ ಮೂರು ಅರ್ಥಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಹೊರುವ ಶಕ್ತಿಯುಳ್ಳವನು ಭಾರವನ್ನು ತಿಳಿದು ಹೊರುವುದೇ ಕ್ಷಮೆಯೆಂದು ನಮಗೆ ತೋರುತ್ತದೆ. ಭಾರವೆಷ್ಟೆಂದು ತಿಳಿಯದೆ ‘ಹೋಗಲಿ’ ಎನ್ನುವುದು ಬಹುಮಟ್ಟಿಗೆ ಆಲಸ್ಯ, ಇಲ್ಲವೆ ದಾಕ್ಷಿಣ್ಯ. ನಮ್ಮ ಭಾರವನ್ನು ನಾವು ಹೊರಬಹುದು. ಮುಂದೆ ಆ ಗಾಡಿಗೆ ಎದುರಾಗುವವರ ಭಾರವನ್ನು ಕ್ಷಮಿಸುವುದಕ್ಕೆ ನಮಗೆ ಅಧಿಕಾರವಿಲ್ಲ.

ಆದಕಾರಣ ಹುಡುಗನಿಗೆ ಫೋನು ಮಾಡಿ, “ನಿಮ್ಮ ಯಜಮಾನರೊಡನೆ ಮಾತನಾಡದೆ ವಿಧಿಯಿಲ್ಲಪ್ಪ. ನಿನ್ನ ಮೇಲೆ ದೂರು ಹೇಳುವುದಕ್ಕಲ್ಲ, ನೀನೂ ಎದುರಿಗಿರು” ಎಂದು ತಿಳಿಸಿದೆವು. ಅವನು ಹೆದರಿದನು, ಆದರೆ ಬಂದನು. ಕೆಲಸದ ಮೇಲಿರುವ ಆಳಿನಿಂದ ಆದ ಹಾನಿಗೆ ಮಾಲೀಕನೇ ಹೊಣೆಯೆಂಬುದು ನ್ಯಾಯಾಲಯಗಳು ಒಪ್ಪಿರುವ ತತ್ತ್ವ. ಅದನ್ನು ಮಾಲೀಕರಿಗೆ ಮೆಲ್ಲಗೆ ನೆನಪು ಮಾಡಿ, ಚಿತ್ರಗಳನ್ನೂ ವರ್ಕ್‌ಶಾಪಿನ ಚೀಟಿಯನ್ನೂ ತೋರಿಸಿ, ಮೂರು ಮಾತು ಹೇಳಿದೆವು: ಬ್ರೇಕು ಸರಿಮಾಡಿಸಬೇಕು, ರಿಪೇರಿಯ ಖರ್ಚನ್ನು ಅವರು ಕೊಡಬೇಕು, ಅದನ್ನು ಹುಡುಗನ ಸಂಬಳದಲ್ಲಿ ಹಿಡಿಯಬಾರದು. ಅವರು ಮೊದಲು ಗೊಣಗಿದರು. “ಹುಡುಗ ಅಜಾಗರೂಕ, ನಾನೇನು ಮಾಡಲಿ ಮೇಷ್ಟ್ರೇ?” ಎಂದರು. ಸೊಸೆಯು, “ಬ್ರೇಕಿನ ವಿಷಯ ಅವನು ನಿಮಗೆ ಹೇಳಿರಲಿಲ್ಲವೇ?” ಎಂದು ಕೇಳಿದಳು. ಅವರು ಉತ್ತರ ಕೊಡಲಿಲ್ಲ. ಮೂರು ದಿವಸದ ಮೇಲೆ 3,000 ರೂಪಾಯಿಯನ್ನೂ, ಬ್ರೇಕು ಸರಿಮಾಡಿಸಿದ ರಸೀದಿಯನ್ನೂ ಹುಡುಗನ ಕೈಯಲ್ಲಿಯೇ ಕಳುಹಿಸಿದರು. ಸಂಬಳದಲ್ಲಿ ಹಿಡಿದಿಲ್ಲವೆಂದು ಅವನೇ ಹೇಳಿದನು. ಉಳಿದ 800 ರೂಪಾಯಿಯನ್ನು ನಾವು ಕೇಳಲಿಲ್ಲ. ನಮ್ಮ ಮನೆಯವರ ದಯೆಗೆ ಅಷ್ಟು ಸಂದಿತು. ಸೊಸೆಯ ಸತ್ಯಕ್ಕೆ ಸಲ್ಲಬೇಕಾದದ್ದು ಮಾಲೀಕರ ಮೌನದಲ್ಲಿಯೇ ಸಂದಿತ್ತು.

ಎಲ್ಲ ಡಿಕ್ಕಿಗಳನ್ನೂ ಹೀಗೆ ಮಾತಿನಲ್ಲಿ ಮುಗಿಸಬಹುದೆಂದು ವಾಚಕರು ತಿಳಿಯಬಾರದು. ಯಾರಿಗಾದರೂ ಗಾಯವಾದರೆ ಮೊದಲು ಆಸ್ಪತ್ರೆ, 112ಕ್ಕೆ ಕರೆ, ಬಳಿಕ ಮಿಕ್ಕದ್ದು. ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸುವುದೂ, ನಡೆದದ್ದನ್ನು ವಿಮಾ ಕಂಪನಿಗೆ ಬರೆದು ತಿಳಿಸುವುದೂ ಓಡಿಸುವವನ ಕರ್ತವ್ಯವೆಂದು 1988ರ ಕಾಯಿದೆಯ 134ನೆಯ ಪ್ರಕರಣವೇ ಹೇಳುತ್ತದೆ. ಎದುರಿನವನು ಕುಡಿದಿದ್ದರೆ, ಓಡಿಹೋದರೆ, ಲೈಸೆನ್ಸಾಗಲಿ ವಿಮೆಯಾಗಲಿ ಇಲ್ಲದಿದ್ದರೆ, ಒಳಗಿನ ಪಟ್ಟಿಯೇ ಬಾಗಿ ಖರ್ಚು ಹತ್ತಾರು ಸಾವಿರಕ್ಕೆ ಏರಿದರೆ, ಪೋಲೀಸಿನವರಿಗೂ ವಿಮೆಯವರಿಗೂ ಕೂಡಲೇ ತಿಳಿಸುವುದೇ ಯುಕ್ತ. ವಿಮೆಯವರಿಗೆ ತಿಳಿಸಿದ ಮಾತ್ರಕ್ಕೆ ಪರಿಹಾರ ಕೇಳಲೇಬೇಕೆಂದಿಲ್ಲ. ತಡವಾಗಿ ತಿಳಿಸಿದರೆ ಮಾತ್ರ ಕೇಳುವ ದಾರಿ ಕಷ್ಟವಾಗುತ್ತದೆ. ಗಾಡಿಯನ್ನು ಬಿಚ್ಚಿ ನೋಡುವ ಮೊದಲು ‘ಇನ್ನು ಏನೂ ಬಾಕಿಯಿಲ್ಲ’ ಎಂದು ಬರೆದುಕೊಡುವುದು ಎಂದಿಗೂ ಬೇಡ.

ಮಿಕ್ಕ ಸಣ್ಣ ಪೆಟ್ಟುಗಳಿಗೆ ಕ್ರಮ ಸರಳವಾದದ್ದು. ಮೊದಲು ಜನ, ಆಮೇಲೆ ಗಾಡಿ. ಮೊದಲು ಬರಹ, ಆಮೇಲೆ ಮಾತು. ಮೊದಲು ಲೆಕ್ಕ, ಆಮೇಲೆ ದಂಡವೋ ಕ್ಷಮೆಯೋ. ಬೀದಿಯಲ್ಲಿ ನಿಂತು ಆತುರದಿಂದ ಮಾಡಿದ ತೀರ್ಮಾನ ಕಠಿಣವಾದರೂ ಮೃದುವಾದರೂ ಹೆಚ್ಚುಕಡಮೆ ಒಂದೇ. ಎರಡರಲ್ಲಿಯೂ ಎದುರಿಗಿರುವ ಮನುಷ್ಯನನ್ನು ನಾವು ಸರಿಯಾಗಿ ನೋಡಿರುವುದಿಲ್ಲ. ಒಂದು ರಾತ್ರಿ ಕಳೆಯಗೊಟ್ಟು ಮನೆಯವರೆಲ್ಲ ಕೂತು ಯೋಚಿಸಿದರೆ, ಕೊಡಬೇಕಾದವರು ಯಾರು, ಬಿಡಬೇಕಾದದ್ದು ಎಷ್ಟು ಎಂಬುದು ತಾನಾಗಿಯೇ ತಿಳಿದುಬರುತ್ತದೆ.