ಆಯನೂರಿನಿಂದ ಹೊನ್ನಾವರಕ್ಕೆ

ಶಿವಮೊಗ್ಗೆಯಿಂದ ಪಶ್ಚಿಮಾಭಿಮುಖವಾಗಿ ಹೊರಟ ಹೆದ್ದಾರಿಯು ಆಯನೂರನ್ನು ಹಾದು, ಆನಂದಪುರ, ಸಾಗರ, ತಾಳಗುಪ್ಪಗಳನ್ನು ದಾಟಿ, ಘಟ್ಟವನ್ನಿಳಿದು ಹೊನ್ನಾವರದ ಕಡಲತಡಿಯಲ್ಲಿ ಕೊನೆಗಾಣುತ್ತದೆ. ಈ ದಾರಿಯಲ್ಲಿ ಜೋಗವನ್ನು ನೋಡಹೊರಟವರ ಕೈಯಲ್ಲೆಲ್ಲ ಕ್ಯಾಮೆರಾ ಉಂಟು. ದಾರಿಯ ಕೊನೆಯ ಊರಿನಲ್ಲಿ 1934ರಲ್ಲಿ ಜನಿಸಿದ ಕೃಷ್ಣಾನಂದ ಕಾಮತರನ್ನು ಅವರು ಸ್ಮರಿಸುವುದು ಯುಕ್ತವು.

ಕಾಮತರು ಅಮೆರಿಕದಲ್ಲಿ ಕೀಟಶಾಸ್ತ್ರವನ್ನು ವ್ಯಾಸಂಗಮಾಡಿ ಸ್ವದೇಶಕ್ಕೆ ಮರಳಿದವರು. ಲೇಖನಿ, ಕ್ಯಾಮೆರಾಗಳೆರಡನ್ನೂ ಹಿಡಿದು ನಾಡನ್ನು ಸುತ್ತಿದವರು. ಕರಾವಳಿಯ ಗುಡಿಗಳ ಕಾವಿಕಲೆಯನ್ನು ಅವರು ಶ್ರದ್ಧೆಯಿಂದ ಚಿತ್ರಿಸಿಟ್ಟರು. ನುಣುಪಾದ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣವನ್ನು ಬಳಿದು, ಮೊನಚಾದ ಸಲಾಕೆಯಿಂದ ಕೆರೆದರೆ, ಒಳಗಿನ ಬಿಳುಪು ಚಿತ್ರವಾಗಿ ಮೂಡುವುದು. ಜೀರ್ಣೋದ್ಧಾರದ ಹೆಸರಿನಲ್ಲಿ ಇಂತಹ ಗೋಡೆಗಳೆಷ್ಟೋ ಅಳಿದುವು. ಗೋಡೆ ಹೋದೆಡೆಯಲ್ಲಿ ಛಾಯಾಚಿತ್ರವೇ ಆಧಾರವು.

ಕಾಮತರು 2002ರಲ್ಲಿ ತೀರಿಕೊಂಡರು. ಆಕಾಶವಾಣಿಯಲ್ಲಿ ಸೇವೆ ಸಲ್ಲಿಸಿದ ಇತಿಹಾಸಜ್ಞೆ, ಅವರ ಪತ್ನಿ ಜ್ಯೋತ್ಸ್ನಾ ಕಾಮತರೂ 2022ರಲ್ಲಿ ಗತಿಸಿದರು. ಕಂಡವರು ಹೀಗೆ ಒಬ್ಬೊಬ್ಬರಾಗಿ ಮರೆಯಾಗುತ್ತಿರಲು, ಪತ್ರಿಕೋದ್ಯೋಗಿಯೊಬ್ಬನು ಇಂತಹವರ ಸಾಕ್ಷ್ಯಚಿತ್ರವನ್ನು ರಚಿಸಲೆಳಸಿದರೆ, ಅವರ ಮುಖವನ್ನೂ ಸನ್ಮಾನಪತ್ರಗಳನ್ನೂ ತೋರಿಸಿ ತೃಪ್ತನಾಗಲಾಗದು. ಅವರು ನಡೆದ ದಾರಿಯನ್ನೇ ನಡೆದು, ಅಂದಿನ ಪಟವನ್ನು ಇಂದಿನ ಗೋಡೆಯ ಮುಂದೆ ಹಿಡಿದು ನೋಡಬೇಕು. ಉಳಿದುದೆಷ್ಟು, ಅಳಿದುದೆಷ್ಟು ಎಂಬುದು ಆಗ ತಾನೇ ತಿಳಿಯುವುದು.

ಸಾಕ್ಷಾತ್ತಾಗಿ ಕಂಡವನೇ ಸಾಕ್ಷಿಯೆಂಬುದು ಪಾಣಿನೀಯರ ಮತ. ವಾಚಕ ಮಹಾಶಯರೆ, ತಮ್ಮೂರಿನ ಗುಡಿಯ ಹಳೆಯ ಗೋಡೆಗೆ ಹೊಸಬಣ್ಣ ಬಳಿಯುವ ಮೊದಲು ಅದನ್ನೊಮ್ಮೆ ಚಿತ್ರಿಸಿಡುವ ಗೃಹಸ್ಥನೂ ಅಂತಹ ಸಾಕ್ಷಿಯೇ ಸರಿ.