ಹಾಸನದ ಬೋಗುಣಿಗಳು, ಆಕಾಶದ ಚೌಕಗಳು

ಬೇಲೂರು, ಹಳೇಬೀಡು, ಶ್ರವಣಬೆಳಗೊಳಕ್ಕೆ ಹೊರಟವರಿಗೆ ಹಾಸನವೆಂದರೆ ಬಸ್ಸು ಬದಲಿಸುವ, ಊಟಕ್ಕೆ ಇಳಿಯುವ ಊರು. ಶಾಲಾ ಪ್ರವಾಸದ ಬಸ್ಸುಗಳೂ ಇಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಸಾಲಗಾಮೆ ರಸ್ತೆಯಲ್ಲಿ ದೊಡ್ಡ ಬೋಗುಣಿಗಳಂಥ ಆಂಟೆನಾಗಳು ಆಕಾಶಕ್ಕೆ ಮುಖ ಮಾಡಿ ನಿಂತಿರುವ ಆವರಣವೊಂದಿದೆ. ಅದು ಇಸ್ರೋದ ಪ್ರಧಾನ ನಿಯಂತ್ರಣ ಕೇಂದ್ರ, ರೂಢಿಯಲ್ಲಿ ಎಂ.ಸಿ.ಎಫ್. ಶಿಲಾಬಾಲಿಕೆಯರನ್ನು ನೋಡಲು ಬಂದ ಮಕ್ಕಳಿಗೆ ಇದನ್ನೂ ಹೊರಗಿನಿಂದಲಾದರೂ ತೋರಿಸಬೇಕು ಎನ್ನುವವನು ನಾನು.

ಅದಕ್ಕೆ ಮೊದಲು ಊರಿನ ಮನೆಗಳ ಮಾಳಿಗೆಗಳತ್ತ ಒಮ್ಮೆ ಕಣ್ಣು ಹಾಯಿಸಿ. ಪುಟ್ಟ ಟಿ.ವಿ. ತಟ್ಟೆಗಳೆಲ್ಲ ಒಂದೇ ಕಡೆ ನೋಡುತ್ತಿರುವಂತೆ ಮೊದಲು ಕಾಣುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಟಾಟಾ ಪ್ಲೇ ತಟ್ಟೆ ದಕ್ಷಿಣದಿಂದ ತುಸುವೇ ಪೂರ್ವಕ್ಕೆ ವಾಲಿದೆ. ದೂರದರ್ಶನದ ಫ್ರೀ ಡಿಶ್ ತಟ್ಟೆ ಇನ್ನೂ ಹೆಚ್ಚು ಪೂರ್ವಕ್ಕೆ, ಆಗ್ನೇಯಕ್ಕೆ ತಿರುಗಿದೆ. ಮೊದಲನೆಯದರ ಗುರಿ 83 ಡಿಗ್ರಿ ಪೂರ್ವ ರೇಖಾಂಶ, ಎರಡನೆಯದರದು 93.5 ಡಿಗ್ರಿ. ಸಮಭಾಜಕ ವೃತ್ತದ ಮೇಲೆ, ಸುಮಾರು 36,000 ಕಿ.ಮೀ. ಎತ್ತರದಲ್ಲಿ ಇರುವ ಎರಡು ಜಾಗಗಳಿವು. ಅಷ್ಟು ಎತ್ತರದಲ್ಲಿ ಸುತ್ತುವ ಉಪಗ್ರಹ ಭೂಮಿಯ ಜೊತೆಗೇ ತಿರುಗುವುದರಿಂದ, ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತೆ. ಆದ್ದರಿಂದಲೇ ಮಾಳಿಗೆಯ ತಟ್ಟೆಯನ್ನು ಒಮ್ಮೆ ಬಿಗಿದರೆ ಸಾಕು.

ಇಂಥ ಜಾಗಗಳಿಗೆ ಪೈಪೋಟಿ ಬಹಳ. ಎರಡು ಉಪಗ್ರಹಗಳು ತೀರ ಹತ್ತಿರವಿದ್ದು ಒಂದೇ ತರಂಗಾಂತರದಲ್ಲಿ ಮಾತಾಡಿದರೆ ನೆಲದ ತಟ್ಟೆಗೆ ಎರಡೂ ಕಲಸಿ ಕೇಳುತ್ತವೆ. ಯಾವ ದೇಶ ಎಲ್ಲಿ, ಯಾವ ತರಂಗಾಂತರದಲ್ಲಿ ಎಂಬ ಹೊಂದಾಣಿಕೆ ಜಿನೀವಾದ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಗಳಂತೆ ನಡೆಯುತ್ತದೆ. ಹೊಸ ಜಾಗ ದೊರೆಯುವುದು ಕಷ್ಟ. ದೊರೆತರೂ ಲಕ್ಷಾಂತರ ತಟ್ಟೆಗಳನ್ನು ಅತ್ತ ತಿರುಗಿಸುವವರು ಯಾರು? ಹಾಗಾಗಿ ಇದ್ದ ಜಾಗದಲ್ಲೇ ಇನ್ನೊಂದು ಉಪಗ್ರಹವನ್ನು ತಂದು ನಿಲ್ಲಿಸಿ, ತರಂಗಾಂತರಗಳನ್ನು ಹಂಚಿಕೊಳ್ಳುತ್ತಾರೆ. 2012ರಲ್ಲಿ ಜಿಸ್ಯಾಟ್-10 ಹೋದಾಗ 83 ಡಿಗ್ರಿಯಲ್ಲಿ ಇನ್‌ಸ್ಯಾಟ್-4ಎ ಮತ್ತು ಜಿಸ್ಯಾಟ್-12 ಆಗಲೇ ಇದ್ದವು.

ಒಂದೇ ಜಾಗ ಎಂದ ಮಾತ್ರಕ್ಕೆ ಮೈಗೆ ಮೈ ತಾಗಿಸಿಕೊಂಡು ನಿಂತಿವೆ ಎಂದಲ್ಲ. ಆ ಎತ್ತರದಲ್ಲಿ ಒಂದು ಡಿಗ್ರಿ ಎಂದರೆ ಸುಮಾರು 736 ಕಿ.ಮೀ. ಉಪಗ್ರಹ ತನ್ನ ಜಾಗದಿಂದ ಆಚೀಚೆ ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಅಲೆಯಬಹುದು ಎಂದಿಟ್ಟುಕೊಂಡರೆ, ಚೌಕದ ಅಗಲ ಸುಮಾರು 147 ಕಿ.ಮೀ. ಬೆಂಗಳೂರಿನಿಂದ ಮೈಸೂರಿನಷ್ಟು ದೂರ! ಆ ಚೌಕದೊಳಗೆ ಉಪಗ್ರಹಗಳು ಕೋಲಾಟದವರಂತೆ ಸುತ್ತುತ್ತವೆ. ಕಕ್ಷೆಗಳ ವಾಲಿಕೆ, ಆಕಾರ ಒಂದಕ್ಕೊಂದು ಅಷ್ಟಿಷ್ಟು ಬೇರೆ. ಒಂದು ಉತ್ತರಕ್ಕೆ ಸರಿದಾಗ ಇನ್ನೊಂದು ಅದರ ದಾರಿಗೆ ಅಡ್ಡ ಬರದು.

ಬಿಟ್ಟರೆ ಅವು ಚೌಕದಲ್ಲಿ ಉಳಿಯುವುದೂ ಇಲ್ಲ. ಸೂರ್ಯ, ಚಂದ್ರರ ಸೆಳೆತ ಕಕ್ಷೆಯನ್ನು ವಾಲಿಸುತ್ತದೆ. ಭೂಮಿಯ ನಡುವೂ ಪೂರ್ತಿ ದುಂಡಗಿಲ್ಲ. ಅದರಿಂದಾಗಿ ಭಾರತದ ಮೇಲಿನ ಉಪಗ್ರಹಗಳು 75 ಡಿಗ್ರಿ ಪೂರ್ವದತ್ತ ಇಳಿಜಾರಿನಲ್ಲಿ ಜಾರಿದಂತೆ ಜಾರುತ್ತವೆ. ಹಾಸನ ಇರುವುದು 76 ಡಿಗ್ರಿಯ ಆಸುಪಾಸಿನಲ್ಲಿ! ಸರಿಸುಮಾರು ತನ್ನ ರೇಖಾಂಶಕ್ಕೇ ಜಾರಿ ಬರುವ ಉಪಗ್ರಹಗಳನ್ನು ಮತ್ತೆ ಮತ್ತೆ ಹಿಂದಕ್ಕೆ ತಳ್ಳುವ ಕೆಲಸ ಈ ಊರಿಗೆ ಬಂದಿದೆ. ತಳ್ಳಲು ಇಂಧನ ಬೇಕು. ಅದು ಮುಗಿದರೆ ಒಳಗಿನ ಯಂತ್ರಗಳು ಸರಿಯಿದ್ದರೂ ಉಪಗ್ರಹದ ಆಯಸ್ಸು ತೀರಿದಂತೆ. 2005ರಲ್ಲಿ ಭೋಪಾಲದಲ್ಲಿ ಇನ್ನೊಂದು ಕೇಂದ್ರ ತೆರೆಯುವವರೆಗೆ ಈ ಹೊಣೆಯೆಲ್ಲ ಹಾಸನದ್ದೇ.

ಕೆಲಸದ ಆರಂಭವೂ ಸುಲಭದ್ದಾಗಿರಲಿಲ್ಲ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಐದೇ ತಿಂಗಳಲ್ಲಿ ಇಂಧನ ಬರಿದಾಗಿ ಕೈತಪ್ಪಿತು. ಮರುವರ್ಷ ಚಾಲೆಂಜರ್ ನೌಕೆಯಲ್ಲಿ ಹೋದ 1ಬಿಯ ಸೌರಫಲಕವೂ ಮೊದಲು ಬಿಚ್ಚಿಕೊಳ್ಳದೆ ಸತಾಯಿಸಿ, ಆಮೇಲೆ ಸರಿಹೋಯಿತು. ಎಂಬತ್ತರ ದಶಕದಲ್ಲಿ ಊರೂರಿಗೆ ದೂರದರ್ಶನ ತಲಪಿದ್ದು ಅದರ ಬಲದಿಂದ.

ಹಂಚಿಕೊಂಡು ಬಾಳುವುದರ ಕಷ್ಟ ವೀಕ್ಷಕರಿಗೆ ತಟ್ಟಿದ್ದು 2010ರ ಜುಲೈನಲ್ಲಿ. 93.5 ಡಿಗ್ರಿಯ ಇನ್‌ಸ್ಯಾಟ್-4ಬಿಯಲ್ಲಿ ದೂರದರ್ಶನದ ಉಚಿತ ಸೇವೆ, ಖಾಸಗಿ ಸನ್ ಡೈರೆಕ್ಟ್ ಎರಡೂ ಇದ್ದವು. ಜುಲೈ 7ರಂದು ಸೌರಫಲಕದ ವಿದ್ಯುತ್ತಿಗೆ ಅಡಚಣೆಯಾಗಿ, 24 ಟ್ರಾನ್ಸ್‌ಪಾಂಡರ್‌ಗಳಲ್ಲಿ ಅರ್ಧವನ್ನು ಮುಚ್ಚಬೇಕಾಯಿತು. ಟ್ರಾನ್ಸ್‌ಪಾಂಡರ್ ಎಂದರೆ ನೆಲದಿಂದ ಬಂದ ಸಂಕೇತವನ್ನು ಬಲಪಡಿಸಿ ಕೆಳಗೆ ಕಳಿಸುವ ಸಲಕರಣೆ. ಅನಲಾಗ್ ಕಾಲದಲ್ಲಿ ಅದೊಂದು ಸಾಮಾನ್ಯವಾಗಿ ಒಂದೇ ವಾಹಿನಿಯನ್ನು ಹೊರುತ್ತಿತ್ತು. ಡಿಜಿಟಲ್ ಬಂದ ಮೇಲೆ ಹತ್ತಾರನ್ನು ಹೊರುತ್ತದೆ. ಹಾಗಾಗಿ ಒಂದು ಮುಚ್ಚಿದರೂ ಹತ್ತಾರು ವಾಹಿನಿಗಳು ಬೀದಿಪಾಲು. ಸನ್ ಡೈರೆಕ್ಟ್ 91.5 ಡಿಗ್ರಿಯಲ್ಲಿದ್ದ ಮಲೇಷ್ಯಾದ ಮೀಸ್ಯಾಟ್-3ಕ್ಕೆ ಗುಳೆ ಹೋಯಿತು. ಅಂತರ ಎರಡೇ ಡಿಗ್ರಿ. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಅದರ ಅಗಲ ಎಷ್ಟೋ ಅಷ್ಟು. ಆದರೂ ತಟ್ಟೆಗಳನ್ನು ಮನೆಮನೆಗೆ ಹೋಗಿ ತಿರುಗಿಸಬೇಕಾಯಿತು. ಹಣ ಕಟ್ಟಿ ಪರದೆ ಕಪ್ಪಾದವರ ಸಿಟ್ಟು ಸಹಜವೇ. ಉಳಿದ ಅರ್ಧದಲ್ಲಿ ಮೊದಲ ಹಕ್ಕು ಚಂದಾ ಕೊಟ್ಟವರದೋ, ಬೇರೆ ದಾರಿಯಿಲ್ಲದ ಉಚಿತ ವೀಕ್ಷಕರದೋ? ಮನೆಯಲ್ಲಿ ಮಕ್ಕಳೊಡನೆ ಚರ್ಚಿಸತಕ್ಕ ಪ್ರಶ್ನೆ. ನನ್ನ ಮತ ಎರಡನೆಯವರಿಗೆ.

2015ರ ನವೆಂಬರ್‌ನಲ್ಲಿ ಹಾರಿದ ಜಿಸ್ಯಾಟ್-15 ಅದೇ 93.5 ಡಿಗ್ರಿಗೆ ಬಂದು ನಿಂತಿತು. ಚಂದನ ವಾಹಿನಿಯೂ ಸೇರಿದ ಫ್ರೀ ಡಿಶ್ ಮುಂದೆ ಅದಕ್ಕೆ ವರ್ಗವಾಯಿತು. 83 ಡಿಗ್ರಿಗೆ 2020ರಲ್ಲಿ ಜಿಸ್ಯಾಟ್-30 ಹೋಯಿತು. 2022ರ ಜೂನ್‌ನಲ್ಲಿ ಹೋದ ಜಿಸ್ಯಾಟ್-24ರ ಪೂರ್ತಿ ಸಾಮರ್ಥ್ಯವನ್ನು ಟಾಟಾ ಪ್ಲೇ ಒಂದೇ ಗುತ್ತಿಗೆಗೆ ಪಡೆಯಿತು. ಈ ವರ್ಗಾವಣೆಗಳಿಗೆಂದು ಯಾರೂ ಮಾಳಿಗೆ ಹತ್ತಿ ತಟ್ಟೆಯ ಮೊಳೆ ಸಡಿಲಿಸಬೇಕಾಗಲಿಲ್ಲ.